ಹೊಸ ವಿಡಿಯೋ ಪೋಕರ್ ಮಶೀನ್‌ಗೆ ದುಡ್ಡು ಹಾಕುವ ಮುನ್ನ

ಮಗನನ್ನೋ ಮಗಳನ್ನೋ ನೋಡಲು ಅಮೆರಿಕಕ್ಕೆ ಹೋದವರು ಗ್ರ್ಯಾಂಡ್ ಕ್ಯಾನ್ಯನ್ ನೋಡದೆ ವಾಪಸ್ ಬರುವುದು ಕಡಿಮೆ. ಅದೇ ನೆಪದಲ್ಲಿ ಲಾಸ್ ವೇಗಸ್‌ನಲ್ಲಿ ಒಂದು ರಾತ್ರಿ ಉಳಿಯುವುದೂ ಆಗುತ್ತದೆ. ಅಲ್ಲಿನ ದೊಡ್ಡ ಹೋಟೆಲ್‌ಗಳಲ್ಲಿ ಲಿಫ್ಟಿಗೆ ಹೋಗುವ ದಾರಿಯೇ ಕ್ಯಾಸಿನೊ ಮಧ್ಯದಿಂದ. ಎರಡೂ ಕಡೆ ಮಶೀನ್‌ಗಳು ಮಿನುಗುತ್ತಿರುತ್ತವೆ. ಇಷ್ಟು ದೂರ ಬಂದಿದ್ದೇವೆ, ಸುಮ್ನೆ ಇಪ್ಪತ್ತು ಡಾಲರ್ ಹಾಕಿ ನೋಡೋಣ ಅನಿಸುತ್ತದೆ. ಹಾಕಲೇಬೇಕು ಅಂತಿದ್ದರೆ ಸ್ಲಾಟ್‌ಗಿಂತ ವಿಡಿಯೋ ಪೋಕರ್ ವಾಸಿ.

ಯಾಕೆಂದರೆ ಸ್ಲಾಟ್ ಮಶೀನಿನಲ್ಲಿ ಯಾವ ಚಿತ್ರ ಎಷ್ಟು ಸಲ ಬರುತ್ತದೆ ಅನ್ನುವುದು ಒಳಗಿನ ಪ್ರೋಗ್ರಾಮಿಗಷ್ಟೇ ಗೊತ್ತು. ವಿಡಿಯೋ ಪೋಕರ್ ಹಾಗಲ್ಲ. ಅಲ್ಲಿರುವುದು 52 ಎಲೆಗಳ ಇಸ್ಪೀಟ್ ಕಟ್ಟು. ಪರದೆಯ ಮೇಲೆ ಇಸ್ಪೀಟ್ ಎಲೆ ತೋರಿಸುವ ಮಶೀನಿನಲ್ಲಿ ಪ್ರತಿ ಎಲೆಯೂ ನಿಜವಾದ ಕಟ್ಟಿನಲ್ಲಿ ಬರುವಷ್ಟೇ ಸಲ ಬರಬೇಕು ಎಂಬುದು ನೆವಾಡ ರಾಜ್ಯದ ನಿಯಮ. ಆದ್ದರಿಂದ ಈ ಮಶೀನ್ ನಮಗೆ ಎಷ್ಟು ವಾಪಸ್ ಕೊಡುತ್ತದೆ ಅನ್ನುವುದನ್ನು ದುಡ್ಡು ಹಾಕದೆ, ಹೊರಗೆ ನಿಂತೇ ಹೇಳಬಹುದು. ಬೇಕಾದ ಮಾಹಿತಿಯೆಲ್ಲ ಪರದೆಯ ಮೇಲೇ ಬರೆದಿರುತ್ತದೆ. ಓದುವವರು ಕಮ್ಮಿ, ಅಷ್ಟೇ.

ಮೊದಲ ಕೆಲಸ: ಎರಡು ಸಂಖ್ಯೆ ಹುಡುಕಿ

ಹೆಚ್ಚಿನ ಮಶೀನ್‌ಗಳಲ್ಲಿ ಒಂದಲ್ಲ, ಹತ್ತಾರು ಆಟಗಳಿರುತ್ತವೆ. ಮೆನುವಿನಲ್ಲಿ 'ಜ್ಯಾಕ್ಸ್ ಆರ್ ಬೆಟರ್' ಆರಿಸಿ. ಕಲಿಯಲು ಇದೇ ಸುಲಭ. ಐದು ಎಲೆ ಕೊಡುತ್ತದೆ, ಬೇಕಾದ್ದನ್ನು ಇಟ್ಟುಕೊಂಡು ಉಳಿದದ್ದನ್ನು ಒಮ್ಮೆ ಬದಲಾಯಿಸಬಹುದು. ಕೊನೆಗೆ ಕೈಯಲ್ಲಿ ಗುಲಾಮ, ರಾಣಿ, ರಾಜ ಅಥವಾ ಎಕ್ಕದ ಜೋಡಿ ಇದ್ದರೆ ಹಾಕಿದ ದುಡ್ಡು ವಾಪಸ್. ಅದಕ್ಕಿಂತ ಮೇಲಿನದಕ್ಕೆ ಜಾಸ್ತಿ. ರಮ್ಮಿ ಆಡಿದವರಿಗೆ ಇದು ಬೇಗ ಹತ್ತುತ್ತದೆ: ಸ್ಟ್ರೈಟ್ ಅಂದರೆ ಐದೆಲೆಯ ಸೀಕ್ವೆನ್ಸ್, ಬಣ್ಣ (ಇಸ್ಪೀಟ್, ಆಟಿನ್, ಡೈಮನ್, ಕಳಾವರ್) ಯಾವುದಾದರೂ ಸರಿ. ಫ್ಲಶ್ ಅಂದರೆ ಐದೂ ಒಂದೇ ಬಣ್ಣ, ಸೀಕ್ವೆನ್ಸ್ ಬೇಕಿಲ್ಲ. ಒಂದೇ ಅಂಕಿಯ ಮೂರು ಎಲೆಯ ಜೊತೆ ಇನ್ನೊಂದು ಜೋಡಿ ಇದ್ದರೆ ಫುಲ್ ಹೌಸ್. ಒಂದೇ ಬಣ್ಣದಲ್ಲಿ ಹತ್ತರಿಂದ ಎಕ್ಕದವರೆಗೆ ಬಂದರೆ ರಾಯಲ್ ಫ್ಲಶ್.

ಪರದೆಯ ಮೇಲ್ಭಾಗದಲ್ಲಿ ಪೇ ಟೇಬಲ್, ಅಂದರೆ ಏನು ಬಂದರೆ ಎಷ್ಟು ಪಟ್ಟು ಎಂಬ ಪಟ್ಟಿ, ಇರುತ್ತದೆ. ಅದರಲ್ಲಿ ಒಂದು ನಾಣ್ಯದ ಕಾಲಂ ನೋಡಿ. ಫುಲ್ ಹೌಸ್ ಎದುರು ಎಷ್ಟಿದೆ, ಫ್ಲಶ್ ಎದುರು ಎಷ್ಟಿದೆ? 9 ಮತ್ತು 6 ಇದ್ದರೆ ಅದು ಒಳ್ಳೆಯ ಮಶೀನ್. ತಪ್ಪಿಲ್ಲದೆ ಆಡಿದರೆ ದೀರ್ಘಾವಧಿಯಲ್ಲಿ ಹಾಕಿದ್ದರಲ್ಲಿ ಶೇ 99.54ರಷ್ಟು ವಾಪಸ್ ಬರುತ್ತದೆ. 8 ಮತ್ತು 5 ಇದ್ದರೆ ಶೇ 97.30. 6 ಮತ್ತು 5 ಇದ್ದರೆ ಶೇ 95. ಉಳಿದ ಸಾಲುಗಳೆಲ್ಲ ಸಾಮಾನ್ಯವಾಗಿ ಒಂದೇ ಥರ ಇರುತ್ತವೆ. ಕ್ಯಾಸಿನೊದವರು ಕತ್ತರಿ ಹಾಕುವುದು ಈ ಎರಡು ಜಾಗಕ್ಕೇ.

ಶೇ 4–5ರ ವ್ಯತ್ಯಾಸ ಏನು ಮಹಾ ಅನಿಸಬಹುದು. ಲೆಕ್ಕ ಹಾಕಿ. 25 ಸೆಂಟಿನ ಮಶೀನಿನಲ್ಲಿ ಪೂರ್ತಿ ಬೆಟ್ ಐದು ನಾಣ್ಯ, ಅಂದರೆ ಒಂದು ಕೈಗೆ (ಒಂದು ಸಲದ ಆಟಕ್ಕೆ) 1.25 ಡಾಲರ್. ಗಂಟೆಗೆ 500 ಕೈ ಆಡುವುದು ಕಷ್ಟವೇನಲ್ಲ. ಅಲ್ಲಿಗೆ ಒಂದು ಗಂಟೆಯಲ್ಲಿ ಮಶೀನಿನೊಳಗೆ ತಿರುಗಿದ್ದು 625 ಡಾಲರ್. 9–6 ಟೇಬಲ್‌ನಲ್ಲಿ ಸರಾಸರಿ ನಷ್ಟ 3 ಡಾಲರ್ ಒಳಗೆ. 6–5ರಲ್ಲಿ 31 ಡಾಲರ್ ದಾಟುತ್ತದೆ. ಆಟ ಅದೇ, ಕುರ್ಚಿ ಅದೇ. ಆ 3 ಡಾಲರ್ ಲೆಕ್ಕದಲ್ಲೂ ಒಂದು ಕೊಕ್ಕೆ ಇದೆ. ಅದರಲ್ಲಿ ರಾಯಲ್ ಫ್ಲಶ್‌ನ ಪಾಲೂ ಸೇರಿದೆ, ಅದು ಸುಮಾರು 40,000 ಕೈಗೆ ಒಮ್ಮೆ ಬರುವಂಥದ್ದು. ಒಂದು ಸಂಜೆ ಆಡುವವರು ಅದನ್ನು ಲೆಕ್ಕದಿಂದ ಬಿಟ್ಟುಬಿಡುವುದೇ ಕ್ಷೇಮ. ಬಿಟ್ಟರೆ 9–6 ಟೇಬಲ್‌ನಲ್ಲೂ ಗಂಟೆಗೆ 15 ಡಾಲರ್ ಹೋಗುತ್ತದೆ ಅಂದುಕೊಳ್ಳಿ.

ಪಕ್ಕಪಕ್ಕದ ಎರಡು ಮಶೀನ್‌ಗಳಲ್ಲಿ ಟೇಬಲ್ ಬೇರೆ ಇರಬಹುದು. ಒಂದೇ ಮಶೀನಿನಲ್ಲಿ 25 ಸೆಂಟಿನಿಂದ 5 ಸೆಂಟಿಗೆ ಇಳಿದರೂ ಟೇಬಲ್ ಬದಲಾಗಬಹುದು, ಬದಲಾದರೆ ಹೆಚ್ಚಾಗಿ ಕೆಟ್ಟದ್ದಕ್ಕೇ. ಹಾಗಾಗಿ ನಾಣ್ಯದ ಬೆಲೆ ಬದಲಿಸಿದಾಗಲೆಲ್ಲ ಆ ಎರಡು ಸಂಖ್ಯೆ ಮತ್ತೆ ನೋಡಿ. ಜನ ಮುಗಿಬೀಳುವ ಸ್ಟ್ರಿಪ್ ರಸ್ತೆಗಿಂತ ಊರಿನವರು ಹೋಗುವ ಕ್ಯಾಸಿನೊಗಳಲ್ಲಿ ಒಳ್ಳೆಯ ಟೇಬಲ್ ಸಿಗುವುದು ಜಾಸ್ತಿ.

ಹೊಸ ಮಶೀನಿನಲ್ಲಿ ಹೊಸದೇನು?

1979ರಲ್ಲಿ ಸೈ ರೆಡ್ ಎಂಬವರ ಕಂಪನಿ 'ಡ್ರಾ ಪೋಕರ್' ಮಶೀನ್ ತಂದಿತು. ಮುಂದೆ ಐಜಿಟಿ ಎಂಬ ದೊಡ್ಡ ಮಶೀನ್ ಕಂಪನಿಯಾಗಿ ಬೆಳೆದದ್ದು ಅದೇ. ಆಟದ ತಿರುಳು ಅವತ್ತಿನಿಂದ ಹೆಚ್ಚು ಬದಲಾಗಿಲ್ಲ. ಪರದೆ ದೊಡ್ಡದಾಗಿದೆ, ಸದ್ದು ಜೋರಾಗಿದೆ, ಮತ್ತು ಒಂದು ಬಟನ್ ಒತ್ತಿದರೆ ಹೋಗುವ ದುಡ್ಡು ಹೆಚ್ಚಾಗಿದೆ. ಹೊಸ ಮಶೀನಿನಲ್ಲಿ ಹುಷಾರಾಗಿರಬೇಕಾದ್ದು ಈ ಕೊನೆಯದಕ್ಕೇ.

'ಟ್ರಿಪಲ್ ಪ್ಲೇ' ನೋಡಿ. ಕೆಳಗೆ ಐದು ಎಲೆ ಬರುತ್ತದೆ. ನೀವು ಹಿಡಿದಿಟ್ಟ ಎಲೆಗಳು ಮೇಲಿನ ಎರಡು ಸಾಲಿಗೂ ಹೋಗುತ್ತವೆ, ಆಮೇಲೆ ಮೂರೂ ಸಾಲು ಬೇರೆ ಬೇರೆ ಕಟ್ಟಿನಿಂದ ತುಂಬಿಕೊಳ್ಳುತ್ತವೆ. ನೋಡಲು ಮಜಾ. ಆದರೆ ಪೂರ್ತಿ ಬೆಟ್ 15 ನಾಣ್ಯ, 25 ಸೆಂಟಿನ ಲೆಕ್ಕದಲ್ಲಿ 3.75 ಡಾಲರ್. 'ಟೆನ್ ಪ್ಲೇ' ಆದರೆ 12.50. 'ಅಲ್ಟಿಮೇಟ್ ಎಕ್ಸ್' ಎಂಬ ಆಟದಲ್ಲಿ ಗೆದ್ದ ಕೈಗೆ ಪ್ರತಿಯಾಗಿ ಮುಂದಿನ ಕೈಯ ಹಣ ಇಷ್ಟು ಪಟ್ಟು ಅಂತ ಸಿಗುತ್ತದೆ. ಅದಕ್ಕಾಗಿ ಸಾಲಿಗೆ ಐದರ ಬದಲು ಹತ್ತು ನಾಣ್ಯ ಹಾಕಬೇಕು. ಇಲ್ಲೊಂದು ಮಾತು: ಮುಂದಿನ ಕೈಗೆ ಗುಣಕ ಬಾಕಿ ಇರುವಾಗ ಎದ್ದು ಹೋಗಬೇಡಿ. ಅದಕ್ಕೆ ಆಗಲೇ ದುಡ್ಡು ಕೊಟ್ಟಾಗಿದೆ.

ಹೊಸ ಆಟ ನೋಡಲೇಬೇಕು ಅಂದರೆ 1 ಸೆಂಟಿಗೆ ಇಳಿಸಿ ನಾಲ್ಕಾರು ಕೈ ಆಡಿ. ಅಷ್ಟರಲ್ಲಿ ಕುತೂಹಲ ತಣಿಯುತ್ತದೆ.

ಕೂತ ಮೇಲೆ

ನೆವಾಡದಲ್ಲಿ 21 ವರ್ಷ ತುಂಬಿದವರಷ್ಟೇ ಆಡಬಹುದು. ಪಾಸ್‌ಪೋರ್ಟ್ ಜೊತೆಗಿರಲಿ. ಕೌಂಟರಿನಲ್ಲಿ ನೀವು ಆಡಿದ್ದರ ಲೆಕ್ಕ ಇಡುವ ಪ್ಲೇಯರ್ಸ್ ಕಾರ್ಡ್ ಬಿಟ್ಟಿ ಕೊಡುತ್ತಾರೆ. ಅದನ್ನು ಮಶೀನಿಗೆ ತೂರಿಸಿ, ನಿಮ್ಮ ಹೆಸರು ಬಂದಿದೆಯೇ ನೋಡಿ. ನಾಣ್ಯ ಅಂತ ಹೇಳಿದರೂ ಈಗ ನಾಣ್ಯ ಯಾರೂ ಹಾಕುವುದಿಲ್ಲ. ನೋಟನ್ನು ಕಿಂಡಿಗೆ ಕೊಟ್ಟರೆ ಎಳೆದುಕೊಳ್ಳುತ್ತದೆ. ಕ್ಯಾಸಿನೊದೊಳಗಿನ ಎಟಿಎಂ ಕಡೆ ಮಾತ್ರ ಹೋಗಬೇಡಿ, ಫೀ ಕೇಳಿದರೆ ಹೊಟ್ಟೆ ಉರಿಯುತ್ತದೆ.

ಬಟನ್‌ಗಳಲ್ಲಿ 'ಬೆಟ್ ಮ್ಯಾಕ್ಸ್' ಬಗ್ಗೆ ಎಚ್ಚರ. ಅದನ್ನು ಒತ್ತಿದರೆ ಪೂರ್ತಿ ಬೆಟ್ ಹೋಗುವುದಲ್ಲದೆ ಎಲೆಯೂ ಬಂದುಬಿಡುತ್ತದೆ. ಬೇಡ ಅನ್ನಲು ಅವಕಾಶವಿಲ್ಲ. ಒತ್ತುವ ಮೊದಲು ನಾಣ್ಯದ ಬೆಲೆ, ಸಾಲುಗಳ ಸಂಖ್ಯೆ ಎರಡನ್ನೂ ನೋಡಿ. ಹಾಗಂತ ಐದು ನಾಣ್ಯಕ್ಕಿಂತ ಕಡಿಮೆಯೂ ಆಡಬೇಡಿ. ಒಂದರಿಂದ ನಾಲ್ಕು ನಾಣ್ಯದವರೆಗೆ ರಾಯಲ್ ಫ್ಲಶ್‌ಗೆ ನಾಣ್ಯಕ್ಕೆ 250. ಐದಕ್ಕೆ 800, ಅಂದರೆ ಒಟ್ಟು 4,000. ದುಬಾರಿ ಅನಿಸಿದರೆ ನಾಣ್ಯದ ಸಂಖ್ಯೆ ಇಳಿಸುವ ಬದಲು ನಾಣ್ಯದ ಬೆಲೆ ಇಳಿಸಿ.

ಯಾವ ಎಲೆ ಇಡಬೇಕು?

ಪರದೆಯ ಮೇಲೆ ಇಸ್ಪೀಟ್ 7, ಡೈಮನ್ 7, ಆಟಿನ್ ರಾಜ, ಕಳಾವರ್ ರಾಣಿ, ಕಳಾವರ್ 3 ಬಂತು ಅಂದುಕೊಳ್ಳಿ. ಕೈ ತಾನಾಗಿ ರಾಜ–ರಾಣಿ ಕಡೆ ಹೋಗುತ್ತದೆ. 7ರ ಜೋಡಿಗೆ ಬಿಡಿಗಾಸೂ ಇಲ್ಲವಲ್ಲ ಅಂತ. ಆದರೆ ಎರಡು 7 ಇಟ್ಟರೆ ಒಂದು ಡಾಲರಿಗೆ ಸರಾಸರಿ 82 ಸೆಂಟ್ ಬರುತ್ತದೆ. ರಾಜ–ರಾಣಿ ಇಟ್ಟರೆ 50 ಸೆಂಟೂ ಇಲ್ಲ. ಜೋಡಿಯಿಂದ ಎರಡು ಜೋಡಿ, ಮೂರು, ಫುಲ್ ಹೌಸ್, ನಾಲ್ಕರವರೆಗೂ ದಾರಿ ಇದೆ. ಎರಡು 7ರ ಜೊತೆ ರಾಜನೂ ಇರಲಿ ಅಂತ ಹಿಡಿಯುವವರಿದ್ದಾರೆ. ಬೇಡ, ಹೊಸ ಎಲೆ ಬರುವ ಒಂದು ಜಾಗ ಸುಮ್ನೆ ಹಾಳು.

ಇನ್ನೊಂದು ಕೈ: ಆಟಿನ್ ಗುಲಾಮ, 4, 6, 9, ಜೊತೆಗೆ ಇಸ್ಪೀಟ್ ಗುಲಾಮ. ಫ್ಲಶ್‌ಗೆ ಒಂದೇ ಎಲೆ ಕಡಿಮೆ. ಆದರೂ ಗುಲಾಮರ ಜೋಡಿಯನ್ನೇ ಇಡಿ. ಆ ಐದನೆಯ ಎಲೆ ಇಸ್ಪೀಟ್ 6 ಆಗಿದ್ದರೆ? ಆಗ ಜೋಡಿ ಒಡೆದು ಫ್ಲಶ್ ಕಡೆ ಹೋಗಿ. ದೊಡ್ಡ ಜೋಡಿ ಫ್ಲಶ್ ಆಸೆಗಿಂತ ಮೇಲು, ಸಣ್ಣ ಜೋಡಿ ಕೆಳಗೆ.

ಎದೆ ಗಟ್ಟಿ ಮಾಡಿಕೊಳ್ಳಬೇಕಾದ ಕೈ ಬೇರೆಯೇ ಇದೆ. ಆಟಿನ್ 10, ಗುಲಾಮ, ರಾಣಿ, ರಾಜ, ಮತ್ತು ಆಟಿನ್ 3. ಫ್ಲಶ್ ಆಗಲೇ ಆಗಿದೆ, ಆರು ಪಟ್ಟು ಖಾತ್ರಿ. ಆದರೂ 3 ಎಸೆಯಬೇಕು. ಎಕ್ಕ ಬಂದರೆ 4,000 ನಾಣ್ಯ, ಆ ಒಂದು ಎಲೆಯ ಬೆಲೆ ಅಷ್ಟು ದೊಡ್ಡದು. ಹೆಚ್ಚಿನ ಸಲ ಬರುವುದಿಲ್ಲ, ಪಕ್ಕದವರು ನಿಮ್ಮನ್ನು ಪೆದ್ದರು ಅಂದುಕೊಳ್ಳುತ್ತಾರೆ. ಅಂದುಕೊಳ್ಳಲಿ ಬಿಡಿ.

ಇದನ್ನೆಲ್ಲ ಬಾಯಿಪಾಠ ಮಾಡಬೇಕಿಲ್ಲ. ಕೈಯಗಲದ ಸ್ಟ್ರಾಟಜಿ ಕಾರ್ಡ್ ವೇಗಸ್‌ನ ಅಂಗಡಿಗಳಲ್ಲೇ ಸಿಗುತ್ತದೆ, ಮಶೀನ್ ಮುಂದೆ ಇಟ್ಟುಕೊಂಡು ನೋಡಬಹುದು. ಮನೆಯಲ್ಲಿ ಅಭ್ಯಾಸಕ್ಕೆ ದುಡ್ಡಿಲ್ಲದ ಆ್ಯಪ್ ಸಾಕು. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ಭಾರತದಲ್ಲಿ 2025ರ ಕಾಯ್ದೆ ನಿಷೇಧಿಸಿದೆ.

ಹತ್ತು ಕೈ ಸೋತ ಮೇಲೆ ಇನ್ನು ಬರಲೇಬೇಕು ಅನ್ನುವುದು ಮಾತ್ರ ಸುಳ್ಳು. ಪ್ರತಿ ಕೈಗೂ ಕಟ್ಟು ಹೊಸದಾಗಿ ಕಲೆಸುತ್ತದೆ. ಹಿಂದಿನದ್ದು ಅದಕ್ಕೆ ನೆನಪೇ ಇಲ್ಲ.

ಎದ್ದೇಳುವಾಗ

ಆಡುವಾಗ ಕುಡಿಯಲು ತಂದುಕೊಡುತ್ತಾರೆ, ಕಾಫಿ, ನೀರು ಕೇಳಿದರೂ ಸರಿ. ದುಡ್ಡಿಲ್ಲ, ಆದರೆ ತಂದವರಿಗೆ ಒಂದು ಡಾಲರ್ ಟಿಪ್ಸ್ ಕೊಡುವುದು ರೂಢಿ. 'ಕ್ಯಾಶ್ ಔಟ್' ಒತ್ತಿದರೆ ಒಂದು ಚೀಟಿ ಬರುತ್ತದೆ. ಅದೇ ನಿಮ್ಮ ದುಡ್ಡು. ಪ್ಲೇಯರ್ಸ್ ಕಾರ್ಡ್ ಮರೆಯದೆ ಎಳೆದುಕೊಂಡು, ಚೀಟಿಯನ್ನು ಹತ್ತಿರದ ಕಿಯಾಸ್ಕ್‌ಗೆ ಹಾಕಿದರೆ ನೋಟು ಬರುತ್ತದೆ.

ಅದೃಷ್ಟ ಖುಲಾಯಿಸಿ ರಾಯಲ್ ಫ್ಲಶ್ ಬಂತು ಅನ್ನಿ. 25 ಸೆಂಟಿನ ಮಶೀನಿನಲ್ಲಿ ಅದು 1,000 ಡಾಲರ್, ಚೀಟಿ ತೆಗೆದುಕೊಂಡು ಹೊರಡಬಹುದು. ಒಂದು ಡಾಲರಿನ ಮಶೀನಿನಲ್ಲಿ 4,000. ಆಗ ಮಶೀನ್ ಲಾಕ್ ಆಗುತ್ತದೆ, ಸಿಬ್ಬಂದಿ ಬಂದು ಪಾಸ್‌ಪೋರ್ಟ್ ಕೇಳುತ್ತಾರೆ. ಪ್ರವಾಸಕ್ಕೆ ಬಂದ ಭಾರತೀಯರಾದರೆ ಶೇ 30ರಷ್ಟು ಅಮೆರಿಕದ ತೆರಿಗೆ, ಅಂದರೆ 1,200 ಡಾಲರ್, ಅಲ್ಲೇ ಹಿಡಿದುಕೊಂಡು ಉಳಿದದ್ದು ಕೊಡುತ್ತಾರೆ. ಜೊತೆಗೆ 1042-ಎಸ್ ಎಂಬ ಫಾರಂ ಬರುತ್ತದೆ. ಊರಿಗೆ ಬಂದು ಆದಾಯ ತೆರಿಗೆ ರಿಟರ್ನ್ಸ್ ಹಾಕುವಾಗ ಆಡಿಟರ್ ಕೇಳುವುದು ಅದನ್ನೇ.