ಸಲ್ಫೇಟ್, ಸಲ್ಫೈಟ್, ಸಲ್ಫೈಡ್: ಅಯಾನುಗಳನ್ನು ಕಲಿಯುವ ಬಗೆ

ಸಮೀಕರಣ ಸರಿದೂಗಿಸಲು ಬರುವುದಿಲ್ಲ ಎಂದು ಟ್ಯೂಷನ್‌ಗೆ ಬರುವ ಪಿಯುಸಿ ಮಕ್ಕಳಲ್ಲಿ ಹೆಚ್ಚಿನವರಿಗೆ ಸಮೀಕರಣ ತೊಂದರೆಯೇ ಅಲ್ಲ. ಅಯಾನು ಎಂದರೆ ವಿದ್ಯುದಾವೇಶ ಹೊತ್ತ ಪರಮಾಣು ಅಥವಾ ಪರಮಾಣುಗಳ ಗುಂಪು. ನೈಟ್ರೇಟ್ ಅಯಾನಿನ ಆವೇಶ ಎಷ್ಟು ಎಂದು ಕೇಳಿ ನೋಡಿ, ಚಾವಣಿ ನೋಡುತ್ತಾರೆ. ಗೋಡೆಗೆ ಅಂಟಿಸುವ ಅಯಾನುಗಳ ಬಣ್ಣದ ಚಾರ್ಟನ್ನು ಮೇಲಿನಿಂದ ಕೆಳಗೆ ಉರುಹೊಡೆದವರಿಗೆ ಆ ಕ್ರಮ ಮಾತ್ರ ನೆನಪಿರುತ್ತದೆ. ನಡುವಿನದನ್ನು ಕೇಳಿದರೆ ಮೊದಲಿನಿಂದ ಗುನುಗಬೇಕು. ಅಗ್ಗದ ಚಾರ್ಟುಗಳಲ್ಲಿ ಅಚ್ಚಿನ ದೋಷವೂ ಧಾರಾಳ. ಕೊಳ್ಳಬೇಡಿ. ಹಳೆಯ ಕ್ಯಾಲೆಂಡರಿನ ಹಾಳೆ ಕತ್ತರಿಸಿ ಚೀಟಿ ಮಾಡಿಕೊಳ್ಳಿ.

ಮೊದಲನೆಯದು ಒಂಟಿ ಪರಮಾಣುವಿನ ಅಯಾನುಗಳು. ಆವರ್ತ ಕೋಷ್ಟಕ ಎದುರಿಗಿದ್ದರೆ ಸಾಕು: ಸೋಡಿಯಂ ಗುಂಪಿಗೆ 1 ಧನ, ಕ್ಯಾಲ್ಸಿಯಂ ಗುಂಪಿಗೆ 2 ಧನ, ಅಲ್ಯೂಮಿನಿಯಂಗೆ 3 ಧನ, ಕ್ಲೋರೈಡ್‌ಗೆ 1 ಋಣ, ಆಕ್ಸೈಡ್ ಮತ್ತು ಸಲ್ಫೈಡ್‌ಗೆ 2 ಋಣ.

ಎರಡನೆಯದು ಎರಡು ಬಗೆಯ ಆವೇಶವಿರುವ ಲೋಹಗಳು. ಕಬ್ಬಿಣಕ್ಕೆ 2 ಅಥವಾ 3, ತಾಮ್ರಕ್ಕೆ 1 ಅಥವಾ 2. ಹಳೆಯ ಹೆಸರುಗಳಲ್ಲಿ ‘ಅಸ್’ ಎಂದರೆ ಕಡಿಮೆಯದು, ‘ಇಕ್’ ಎಂದರೆ ಹೆಚ್ಚಿನದು. ಈಗ ರೋಮನ್ ಅಂಕಿ ಬಂದಿದೆ, ಆದರೆ ಕಬ್ಬಿಣಾಂಶದ ಮಾತ್ರೆಯ ಮೇಲೆ ಇಂದಿಗೂ ಫೆರಸ್ ಎಂದೇ ಇರುತ್ತದೆ. ಎರಡನ್ನೂ ಕಲಿಯಿರಿ.

ಎಡವುವುದು ಮೂರನೆಯ ಹಂತದಲ್ಲಿ, ಹಲವು ಪರಮಾಣುಗಳು ಕೂಡಿದ ಅಯಾನುಗಳಲ್ಲಿ. ಮೊದಲು ಐದನ್ನು ಮಾತ್ರ ಬಾಯಿಪಾಠ ಮಾಡಿ: ನೈಟ್ರೇಟ್ (3 ಆಕ್ಸಿಜನ್, 1 ಋಣ), ಕ್ಲೋರೇಟ್ (3, 1), ಕಾರ್ಬೊನೇಟ್ (3, 2), ಸಲ್ಫೇಟ್ (4, 2), ಫಾಸ್ಫೇಟ್ (4, 3). ‘ಏಟ್’ ಹೋಗಿ ‘ಐಟ್’ ಬಂದರೆ ಒಂದು ಆಕ್ಸಿಜನ್ ಕಡಿಮೆ, ಆವೇಶ ಕದಲುವುದಿಲ್ಲ. ಆಕ್ಸಿಜನ್ ಜೊತೆಗೆ ಆವೇಶವನ್ನೂ ಇಳಿಸಿಬಿಡುವುದು ಎಲ್ಲರೂ ಮಾಡುವ ತಪ್ಪು. ಸಲ್ಫೈಟ್‌ನಲ್ಲಿ ಆಕ್ಸಿಜನ್ ಮೂರೇ, ಆವೇಶ ಮಾತ್ರ 2 ಋಣವೇ. ಆ ಆವೇಶವನ್ನು ಬರೆಯಲು ಮರೆತರೆ ಹಾಳೆಯ ಮೇಲೆ ಉಳಿಯುವುದು ಸಲ್ಫರ್ ಟ್ರೈಆಕ್ಸೈಡ್, ಬೇರೆಯೇ ವಸ್ತು. ಸಲ್ಫೈಡ್‌ನಲ್ಲಿ ಆಕ್ಸಿಜನ್ನೇ ಇಲ್ಲ.

ಕ್ಲೋರಿನ್ ಕುಟುಂಬದಲ್ಲಿ ನಾಲ್ವರು. ಕ್ಲೋರೇಟ್‌ಗೆ ಒಂದು ಆಕ್ಸಿಜನ್ ಸೇರಿದರೆ ಪರ್‌ಕ್ಲೋರೇಟ್, ಕಳೆದರೆ ಕ್ಲೋರೈಟ್, ಇನ್ನೊಂದು ಕಳೆದರೆ ಹೈಪೋಕ್ಲೋರೈಟ್. ನಾಲ್ಕಕ್ಕೂ 1 ಋಣ. ಬಾವಿಗೆ ಹಾಕುವ ಬ್ಲೀಚಿಂಗ್ ಪೌಡರ್‌ನಲ್ಲಿ ಕೆಲಸ ಮಾಡುವುದು ಕೊನೆಯದು. ಪರ್‌ಮ್ಯಾಂಗನೇಟ್ ಈ ನಿಯಮಕ್ಕೆ ಬಗ್ಗುವುದಿಲ್ಲ: ಅದಕ್ಕೂ ಮ್ಯಾಂಗನೇಟ್‌ಗೂ ಆಕ್ಸಿಜನ್ ನಾಲ್ಕೇ, ಆವೇಶ ಮಾತ್ರ 1 ಮತ್ತು 2.

ಹೈಡ್ರೋಜನ್ ಒಂದು ಸೇರಿದಾಗಲೆಲ್ಲ ಋಣಾವೇಶ ಒಂದು ಇಳಿಯುತ್ತದೆ. ಕಾರ್ಬೊನೇಟ್ 2, ಬೈಕಾರ್ಬೊನೇಟ್ 1. ಇನ್ನು ಅಮೋನಿಯಂ 1 ಧನ, ಹೈಡ್ರಾಕ್ಸೈಡ್ 1 ಋಣ ಎಂದು ಸೇರಿಸಿಕೊಂಡರೆ ಪರೀಕ್ಷೆಯ ಬಹುಪಾಲು ಮುಗಿಯಿತು. ಅಮೋನಿಯಾ ಅನಿಲಕ್ಕೆ ಆವೇಶವಿಲ್ಲ, ಅಮೋನಿಯಂ ಅಯಾನಿಗೆ ಇದೆ.

ಸೂತ್ರ ಬರೆಯುವ ಅಭ್ಯಾಸಕ್ಕೆ ನಮ್ಮ ಅಡಿಕೆ ತೋಟಗಳಲ್ಲಿ ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣಕ್ಕಿಂತ ಒಳ್ಳೆಯ ಪಾಠವಿಲ್ಲ. 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ, 100 ಲೀಟರ್ ನೀರು. ಮೈಲುತುತ್ತಿನಲ್ಲಿ ತಾಮ್ರ 2 ಧನ, ಸಲ್ಫೇಟ್ 2 ಋಣ, ಒಂದಕ್ಕೊಂದು ಸರಿ. ನೀರು ಹಾಕಿದ ಸುಣ್ಣದಲ್ಲಿ ಕ್ಯಾಲ್ಸಿಯಂ 2 ಧನ, ಹೈಡ್ರಾಕ್ಸೈಡ್ 1 ಋಣ. ಹಾಗಾಗಿ ಎರಡು ಹೈಡ್ರಾಕ್ಸೈಡ್ ಬೇಕು. ಆವರಣ ಹಾಕದೆ ಕೊನೆಯಲ್ಲಿ 2 ಬರೆದರೆ ಅದು ಹೈಡ್ರೋಜನ್‌ಗೆ ಮಾತ್ರ ಅಂಟುತ್ತದೆ, ಅಂಕ ಹೋಗುತ್ತದೆ. ಸುಣ್ಣ ಸಾಕಾಯಿತೇ ಎಂದು ತೋಟದವರು ಉಜ್ಜಿದ ಕತ್ತಿಯನ್ನು ದ್ರಾವಣದಲ್ಲಿ ಅದ್ದಿ ನೋಡುತ್ತಾರಲ್ಲ, ಅದೂ ಅಯಾನುಗಳ ವ್ಯವಹಾರವೇ: ಉಳಿದ ತಾಮ್ರದ ಅಯಾನು ಕಬ್ಬಿಣದಿಂದ ಎಲೆಕ್ಟ್ರಾನ್ ಪಡೆದು ಕೆಂಪು ಪೊರೆಯಾಗಿ ಕೂರುತ್ತದೆ, ಕಬ್ಬಿಣ ಫೆರಸ್ ಆಗಿ ನೀರಿಗಿಳಿಯುತ್ತದೆ. ಗೊಬ್ಬರಗಳ ಪೈಕಿ ಡಿಎಪಿಯ (ಡೈಅಮೋನಿಯಂ ಫಾಸ್ಫೇಟ್) ಸೂತ್ರ ಬರೆದು ನೋಡಿ. ಯೂರಿಯಾದಲ್ಲಿ ಅಯಾನು ಹುಡುಕಬೇಡಿ, ಅದರಲ್ಲಿಲ್ಲ.

ಚೀಟಿಯ ಒಂದು ಬದಿಗೆ ಹೆಸರು, ಇನ್ನೊಂದಕ್ಕೆ ಸೂತ್ರ, ಆವೇಶ ಬಲಗಡೆ ಮೇಲೆ. ದಿನವೂ ಕಲೆಸಿ, ನೋಡದೆ ಬರೆಯಿರಿ. ನಾಲ್ಕು ಉತ್ತರಗಳಲ್ಲಿ ಒಂದನ್ನು ಒತ್ತಿಸುವ ಮೊಬೈಲ್ ಆ್ಯಪ್ ಇದಕ್ಕೆ ಆಗದು. ತಪ್ಪಿದ ಚೀಟಿಗಳನ್ನು ಮರುದಿನ ಕಟ್ಟಿನ ಮೇಲಿಡಿ.