ಇಬ್ಬರೂ ಡ್ಯೂಟಿಗೆ ಹೋಗುವ ಮನೆಯಲ್ಲಿ ಕೂಸಿನ ವ್ಯವಸ್ಥೆ

ನಾನು ಕಲಬುರಗಿಯ ಸರಕಾರಿ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ಯಜಮಾನರು ಜೇವರ್ಗಿಯಲ್ಲಿ ಬ್ಯಾಂಕ್ ಅಧಿಕಾರಿ. ಅವರು ಬೆಳಗ್ಗೆ ಎಂಟೂವರೆಗೆ ಬಸ್ ಹಿಡಿದರೆ ಮನೆ ಮುಟ್ಟುವುದು ರಾತ್ರಿ ಎಂಟಕ್ಕೆ. ಮಗಳಿಗೆ ಈಗ ಮೂರು ವರ್ಷ. ನಮ್ಮಂಥ ಮನೆಯವರಿಗೆ ನಾನು ಹೇಳುವುದು ಇಷ್ಟೇ: ಇಡೀ ದಿನದ ಚಿಂತೆ ಬಿಡಿ, ಕೂಸು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುವ ಹೊತ್ತನ್ನು ಮೊದಲು ಗಟ್ಟಿ ಮಾಡಿಕೊಳ್ಳಿ.

ಒಂದು ಹಾಳೆಯಲ್ಲಿ ಇಬ್ಬರ ಪಾಳಿಯನ್ನೂ ಬರೆಯಿರಿ. ನಾನು ಬರೆದಾಗ ಸಂಜೆ ಏಳರಿಂದ ಎಂಟರವರೆಗೆ ಖಾಲಿ ಉಳಿಯಿತು. ಆಯಾ ಏಳಕ್ಕೆ ಹೊರಡಬೇಕು, ನನ್ನ ಮಧ್ಯಾಹ್ನದ ಪಾಳಿ ಮುಗಿಯುವುದು ಎಂಟಕ್ಕೆ. ಅದೊಂದು ತಾಸು ಹೇಗೋ ಸಾಗುತ್ತದೆ ಎಂದು ಬಿಟ್ಟಿದ್ದೆ. ಒಂದು ಸಂಜೆ ಬಸ್ ಕೆಟ್ಟು ಯಜಮಾನರು ಬಂದಾಗ ಒಂಬತ್ತೂವರೆ. ಆಯಾ ತನ್ನ ಮಕ್ಕಳನ್ನು ಉಪವಾಸ ಬಿಟ್ಟು ನನ್ನ ಮಗಳನ್ನು ಎತ್ತಿಕೊಂಡು ಬಾಗಿಲಲ್ಲೇ ನಿಂತಿದ್ದಳು. ಆ ಮುಖ ನೆನೆದರೆ ಈಗಲೂ ಸಂಕಟವಾಗುತ್ತದೆ. ಆ ಒಂದು ತಾಸು ಕೂಸನ್ನು ನೋಡಿಕೊಳ್ಳಿ ಎಂದು ಮರುದಿನವೇ ಪಕ್ಕದ ಮನೆಯ ಕಾಕು (ಚಿಕ್ಕಮ್ಮ) ಅವರನ್ನು ಕೇಳಿಕೊಂಡೆ. ಅವರು ದುಡ್ಡು ಮುಟ್ಟುವುದಿಲ್ಲ. ಅವರ ಬಿಪಿ ನೋಡುವುದು, ಮಾತ್ರೆ ತಂದುಕೊಡುವುದು ನನ್ನ ಪಾಲು.

ಆಯಾಳನ್ನು ಗೊತ್ತುಮಾಡುವಾಗ ರಜೆ ಇನ್ನೂ ಎಂಟು ದಿನ ಉಳಿದಿರಲಿ. ಮೊದಲು ಜೊತೆಗೇ ಇರಿ, ಆಮೇಲೆ ಒಂದು ತಾಸು, ಎರಡು ತಾಸು ಹೊರಗೆ ಹೋಗಿ ಬನ್ನಿ. ಕೂಸು ಆಡುವಾಗ ಅಲ್ಲ, ಅಳುವಾಗ ಆಕೆಯನ್ನು ಗಮನಿಸಿ. ನಮ್ಮಾಕೆ ಮೊಬೈಲ್ ಕೊಡಲಿಲ್ಲ. ನಾದಿದ ಜೋಳದ ಹಿಟ್ಟಿನ ಉಂಡೆಯೊಂದನ್ನು ಕೂಸಿನ ಅಂಗೈಗಿಟ್ಟು ತಾನೂ ಎದುರು ಕುಳಿತು ರೊಟ್ಟಿ ತಟ್ಟತೊಡಗಿದಳು. ಅಳು ನಿಂತಿತು. ಆಗಲೇ ನಾನು ನಿರ್ಧರಿಸಿದೆ. ವಾರಕ್ಕೊಂದು ರಜೆ ಕೊಡಿ, ನೀವು ಊರಿಗೆ ಹೋದ ದಿನಗಳ ಪಗಾರವನ್ನೂ ಹಿಡಿಯಬೇಡಿ.

ಮೊದಲ ಎರಡು ಮಕ್ಕಳಿಗೆ ಹೆರಿಗೆ ರಜೆ ಖಾಸಗಿಯಲ್ಲಿ 26 ವಾರ, ರಾಜ್ಯ ಸರಕಾರಿ ನೌಕರಿಯಲ್ಲಿ 180 ದಿನ. ರಾಜ್ಯ ಸರಕಾರಿ ಮಹಿಳಾ ನೌಕರರಿಗೆ 2021ರಿಂದ ಆರು ತಿಂಗಳ ಶಿಶುಪಾಲನಾ ರಜೆಯೂ ಇದೆ. ಒಂದೇ ಸಲ ಮುಗಿಸದೆ ಜ್ವರದ ದಿನಗಳಿಗೆ ಉಳಿಸಿಕೊಳ್ಳಿ. ಖಾಸಗಿಯಲ್ಲಿದ್ದೀರಾ? 50 ಅಥವಾ ಹೆಚ್ಚು ನೌಕರರಿರುವ ಸಂಸ್ಥೆ ಶಿಶುಪಾಲನಾ ಕೇಂದ್ರದ ವ್ಯವಸ್ಥೆ ಮಾಡಲೇಬೇಕೆಂಬ ನಿಯಮ ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿಯಿಂದ ಬಂದಿದೆ. ದಿನಕ್ಕೆ ನಾಲ್ಕು ಸಲ ತಾಯಿ ಹೋಗಿ ನೋಡಬಹುದು. ಬಾಯಿಮಾತಿನಲ್ಲಿ ಬಿಡದೆ ಅರ್ಜಿ ಬರೆದು ಕೇಳಿ.

ಬೇಸಿಗೆಗೆ ಬೇರೆಯೇ ಹಾಳೆ ಬೇಕು. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಭಾಗದ ಸರಕಾರಿ ಕಚೇರಿಗಳು ಬೆಳಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಯುತ್ತವೆ. ಆಸ್ಪತ್ರೆಗೂ ಬ್ಯಾಂಕಿಗೂ ಆ ಭಾಗ್ಯವಿಲ್ಲ. ಆದರೆ ತಹಶೀಲ್ದಾರ್ ಕಚೇರಿಯಲ್ಲಿರುವ ನಾದಿನಿ ಆ ಎರಡು ತಿಂಗಳ ಮಧ್ಯಾಹ್ನಗಳನ್ನು ನೋಡಿಕೊಳ್ಳುತ್ತಾಳೆ. ಬಿಸಿಲು ನಲವತ್ತು ಡಿಗ್ರಿ ದಾಟುವ ಊರಿದು. ಓಆರ್‌ಎಸ್ ಕಲಸುವುದನ್ನು ಆಯಾ, ಕಾಕು, ನಾದಿನಿ ಮೂವರಿಂದಲೂ ಮಾಡಿಸಿ ನೋಡಿದ್ದೇನೆ: ದೊಡ್ಡ ಪೊಟ್ಟಣ ಪೂರ್ತಿ, ಕುದಿಸಿ ಆರಿಸಿದ ನೀರು ಒಂದು ಲೀಟರ್, 24 ತಾಸು ಕಳೆದರೆ ಚೆಲ್ಲಬೇಕು. ಲೀಟರಿನ ಗುರುತು ಹಾಕಿದ ಸ್ಟೀಲ್ ತಂಬಿಗೆ ಫಿಲ್ಟರ್ ಪಕ್ಕದಲ್ಲೇ ಇದೆ, ಅದನ್ನು ಬೇರೆ ಕೆಲಸಕ್ಕೆ ಯಾರೂ ಮುಟ್ಟುವುದಿಲ್ಲ.