ಹಿತ್ತಿಲ ಹಲಸಿನಿಂದ ಊಟದ ಮೇಜು

ಮಳೆಗಾಲದಲ್ಲಿ ಬಿದ್ದ ಹಲಸಿನ ಮರವನ್ನು ಮಿಲ್ಲಿಗೆ ಸಾಗಿಸಿ, ಹಲಗೆ ಕೈಗೆ ಬಂದ ವಾರದಲ್ಲೇ ಆಚಾರಿಯನ್ನು ಕರೆಸುವವರು ಬಹಳ ಜನ. ಮೇಜು ಚೆಂದವಾಗೇ ಬರುತ್ತದೆ. ಬೇಸಿಗೆಗೆ ಜೋಡಣೆ ಬಿಟ್ಟುಕೊಂಡು ಹಲಗೆ ಸೊಟ್ಟಗಾದಾಗ ಬೈಗುಳವೆಲ್ಲ ಆಚಾರಿಗೆ! ಹಸಿ ಮರ ಕೊಟ್ಟರೆ ಅವರಾದರೂ ಏನು ಮಾಡಬೇಕು?

ಬೀಟೆಯೇ (ರೋಸ್‌ವುಡ್) ಬೇಕು ಅಂತ ಹಟ ಬೇಡ. ಅದರ ಅಂತರರಾಷ್ಟ್ರೀಯ ವ್ಯಾಪಾರದ ಮೇಲೆ 2017ರಿಂದ ನಿಯಂತ್ರಣ ಇನ್ನೂ ಬಿಗಿಯಾಗಿದೆ, ಇಲ್ಲಿ ಕಡಿಯುವುದೂ ಸುಲಭವಲ್ಲ. ಹಲಸಿನ ಚೇಗು, ಅಂದರೆ ಮರದ ನಡುವಿನ ಗಟ್ಟಿ ಭಾಗ, ಗೆದ್ದಲಿಗೆ ಸುಲಭಕ್ಕೆ ಬಗ್ಗುವುದಿಲ್ಲ. ವೀಣೆಗೂ ಇದೇ ಮರ ಅಲ್ವಾ?

1. ನಿಂತ ಮರವಾದರೆ ಕಡಿಯುವ ಮೊದಲು, ಬಿದ್ದದ್ದಾದರೆ ಸಾಗಿಸುವ ಮೊದಲು ವಲಯ ಅರಣ್ಯ ಕಚೇರಿಯಲ್ಲಿ ವಿಚಾರಿಸಿ.

2. ಮಿಲ್ಲಿನಲ್ಲಿ ಒಂದೂಕಾಲು ಇಂಚು ದಪ್ಪಕ್ಕೆ ಸೀಳಿಸಿ. ಒಣಗಿ, ಹತರಿ ಹೊಡೆದು ನಯ ಮಾಡಿದ ಮೇಲೆ ಒಂದಿಂಚು ಉಳಿದರೆ ಸಾಕು. ಅಂಚಿನ ಬಿಳಿ ಭಾಗವನ್ನು ತೆಗೆಸಿಬಿಡಿ. ಮರ ಕೊರೆಯುವ ಕುಟ್ಟೆ ಹುಳು ಹಿಡಿಯುವುದು ಅಲ್ಲಿಂದಲೇ.

3. ಇನ್ನು ಒಣಗಿಸುವುದು. ಸೀಳಿದ ದಿನವೇ ಹಲಗೆಯ ಎರಡೂ ತುದಿಗೆ ದಪ್ಪಗೆ ಪೇಂಟ್ ಬಳಿಯಿರಿ. ಮನೆಯಲ್ಲಿ ಉಳಿದ ಹಳೇ ಎನಾಮಲ್ ಆದರೂ ನಡೆಯುತ್ತದೆ. ನೀರು ತುದಿಯಿಂದಲೇ ಬೇಗ ಆರುತ್ತದೆ, ಸೀಳು ಶುರುವಾಗುವುದೂ ಅಲ್ಲೇ.

ನೆರಳಿರುವ, ಗಾಳಿಯಾಡುವ ಕೊಟ್ಟಿಗೆಯಲ್ಲಿ ನೆಲದಿಂದ ಒಂದಡಿ ಎತ್ತರಕ್ಕೆ ಸಮವಾದ ದಿಮ್ಮಿ ಇಡಿ. ಅದರ ಮೇಲೆ ಹಲಗೆ, ಪ್ರತಿ ಒಂದೂವರೆ ಅಡಿಗೆ ಅಡ್ಡಲಾಗಿ ಒಂದು ಒಣ ರೀಪು, ಮತ್ತೆ ಹಲಗೆ. ಮೇಲಿನ ರೀಪು ಕೆಳಗಿನ ರೀಪಿನ ನೇರಕ್ಕೇ ಬರಬೇಕು. ಆಚೀಚೆ ಆದರೆ ಹಲಗೆ ಅಲ್ಲೇ ಬಾಗುತ್ತದೆ. ರೀಪಿನ ಬದಲು ಅಡಿಕೆ ದಬ್ಬೆ ಇಡುವವರಿದ್ದಾರೆ. ದಬ್ಬೆ ಸಪಾಟಾಗಿ ಕೂರುವುದಿಲ್ಲ, ಹಸಿ ಇದ್ದರೆ ಕಲೆಯನ್ನೂ ಬಿಡುತ್ತದೆ. ಅಟ್ಟಿಯ ಮೇಲೆ ನಾಲ್ಕು ಕಲ್ಲು ಹೇರಿ.

ಬಿಸಿಲಿಗೆ ಮಾತ್ರ ಹಾಕಬೇಡಿ. ಹೊರಮೈ ಒಣಗಿ ಕುಗ್ಗುತ್ತದೆ, ಒಳಗೆ ಹಸಿಯೇ ಇರುತ್ತದೆ, ಎಳೆದಾಟಕ್ಕೆ ಮರ ಸೀಳುತ್ತದೆ.

ಎಷ್ಟು ದಿನ? ಒಂದಿಂಚಿಗೆ ಒಂದು ವರ್ಷ ಅನ್ನುವುದು ಹಳಬರ ಲೆಕ್ಕ. ನನಗೆ ತಕ್ಕಡಿ ಮೇಲೆ ಜಾಸ್ತಿ ನಂಬಿಕೆ. ಅಟ್ಟಿಯ ನಡುವಿನ ಒಂದು ಹಲಗೆಗೆ ಗುರುತು ಹಾಕಿ ಪ್ರತಿ ತಿಂಗಳು ತೂಗಿ, ತೂಕವನ್ನು ಅದರ ಮೇಲೇ ಬರೆಯಿರಿ. ಬೇಸಿಗೆಯಲ್ಲೂ ತೂಕ ಇಳಿಯದೆ ನಿಂತರೆ ಹದವಾಯಿತು. ಮಳೆಗಾಲದ ಲೆಕ್ಕ ನಂಬಬೇಡಿ. ಕರಾವಳಿಯಲ್ಲಿ ಒಣಗಿದ ಮರ ಬೆಂಗಳೂರಿಗೆ ಹೋದರೆ ಇನ್ನೂ ಕುಗ್ಗುತ್ತದೆ. ಮೇಜು ಇರಬೇಕಾದ ಮನೆಯೊಳಗೇ ಹಲಗೆಯನ್ನು ಒಂದು ತಿಂಗಳು ಇಟ್ಟುಬಿಡಿ.

4. ಚೌಕಟ್ಟು ಮಾಮೂಲಿ ಕೂಡುಗೆಲಸ, ಆಚಾರಿಗೆ ಬಿಡಿ. ಮೇಲ್ಹಲಗೆಯನ್ನು ಮಾತ್ರ ಚೌಕಟ್ಟಿಗೆ ಫೆವಿಕಾಲ್ ಹಾಕಿ ಅಂಟಿಸಬಾರದು. ಒಣ ಮರವೂ ಮಳೆಗಾಲಕ್ಕೆ ಅಗಲಕ್ಕೆ ಹಿಗ್ಗುತ್ತದೆ, ಬೇಸಿಗೆಗೆ ಕುಗ್ಗುತ್ತದೆ. ಸ್ಕ್ರೂ ತೂತನ್ನು ಆ ದಿಕ್ಕಿಗೆ ಉದ್ದವಾಗಿ ಕೊರೆಸಿ.

5. ಪಾಲಿಷ್. ಅಂಗಡಿಯ 'ಟೀಕ್ ಕಲರ್' ಸ್ಟೇನ್ ಬಳಿದು ಹಲಸನ್ನು ಕೆಡಿಸಬೇಡಿ. ಹೊಸತರಲ್ಲಿ ಅರಿಶಿನದ ಬಣ್ಣ ಇರುತ್ತದೆ, ಬೆಳಕಿಗೆ ತಾನೇ ಕೆಂಗಂದು ತಿರುಗುತ್ತದೆ. ಕಾಯಿಸಿದ ಅಗಸೆ ಎಣ್ಣೆಯನ್ನು ತೆಳ್ಳಗೆ ಮೂರು ಸಲ ಒರೆಸಿದರೆ ಸಾಕು. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ತಾನಾಗೇ ಬಿಸಿಯಾಗಿ ಹೊತ್ತಿಕೊಳ್ಳಬಹುದು. ನೀರಲ್ಲಿ ಅದ್ದಿ, ಹೊರಗೆ ಹಗ್ಗದ ಮೇಲೆ ಬಿಡಿಸಿ ಹಾಕಿ.